ಕರ್ಹೆಯ ದಂಡೆಯಲ್ಲಿ ದಾಸವಾಣಿ

ಪುಣೆಯಿಂದ ದಿವೆ ಘಾಟನ್ನು ಹತ್ತಿ ಬಂದರೆ ಸುಮಾರು 30 ಕಿಲೋಮೀಟರಿನ ದೂರದಲ್ಲಿ ಸಾಸವಡ ಸಿಗುತ್ತದೆ. ಪುರಂದರ ತಾಲೂಕಿನ ಕೇಂದ್ರವಾದ ಈ ಊರನ್ನು ಇತಿಹಾಸದ ವಿದ್ಯಾರ್ಥಿಗಳು ಪೇಶ್ವೆ ಬಾಳಾಜಿ ವಿಶ್ವನಾಥನು 1720ರಲ್ಲಿ ತೀರಿಕೊಂಡ ಊರೆಂದು ಬಲ್ಲರು. ಮರಾಠಿ ಸಾಹಿತ್ಯದ ಓದುಗರಿಗೆ ಇದು ಆಚಾರ್ಯ ಅತ್ರೆಯವರ ಸೀಮೆ. ಅವರು ತಮ್ಮ ಆತ್ಮಕಥನಕ್ಕೆ ಇಲ್ಲಿ ಹರಿಯುವ ಕರ್ಹಾ ನದಿಯ ಹೆಸರನ್ನೇ ಇಟ್ಟು ‘ಕರ್ಹೇಚೆ ಪಾಣಿ’ ಎಂದು ಕರೆದರು. ಆದರೆ ಆಷಾಢ ಹತ್ತಿರ ಬಂದಾಗ ಈ ಎರಡು ಗುರುತುಗಳೂ ಹಿಂದೆ ಸರಿಯುತ್ತವೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವುದು ಇಲ್ಲಿಯೇ. ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಖಿ ಘಾಟು ಹತ್ತಿ ಬಂದು ಸಾಸವಡದಲ್ಲಿ ತಂಗಿ ಜೇಜೂರಿಯ ಕಡೆ ನಡೆಯುತ್ತದೆ. ಸೋಪಾನದೇವರ ಪಾಲಖಿಯೂ ಇಲ್ಲಿಂದಲೇ ಪಂಢರಪುರಕ್ಕೆ ಹೊರಡುತ್ತದೆ. ಆ ದಿನಗಳಲ್ಲಿ ಊರಿನ ಚೌಕಗಳಲ್ಲಿ, ಚಹಾದ ಅಂಗಡಿಗಳಲ್ಲಿ, ವಾರಕರಿಗಳಿಗೆ ಊಟ ಬಡಿಸುವ ಚಪ್ಪರಗಳಲ್ಲಿ ಧ್ವನಿವರ್ಧಕಗಳು ಅಭಂಗಗಳನ್ನು ಹಾಡುತ್ತವೆ. ಹಾಡುವ ಕಂಠಗಳು ಹಲವು. ಆದರೆ ಎಲ್ಲವನ್ನೂ ಮೀರಿ ಕಿವಿಯಲ್ಲಿ ಉಳಿಯುವ ಕಂಠ ಒಂದೇ, ಗದಗಿನ ಭೀಮಸೇನ ಜೋಶಿಯವರದು.

ಮಹಾರಾಷ್ಟ್ರದ ಭಕ್ತಿಗೆ ಇಪ್ಪತ್ತನೆಯ ಶತಮಾನದಲ್ಲಿ ದನಿ ಕೊಟ್ಟವನು ಒಬ್ಬ ಕನ್ನಡಿಗ ಎಂದು ನಾವು, ಹೊರನಾಡಿನ ಕನ್ನಡಿಗರು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲಿ, ತಪ್ಪಿಲ್ಲ. ನನ್ನ ಕುತೂಹಲ ಬೇರೆಯದು. ಇದೇ ಗಾಯಕರು ಹರಿದಾಸರ ಪದಗಳನ್ನು ಹಾಡಿದ ‘ದಾಸವಾಣಿ’ ಎಂಬ ಧ್ವನಿಸುರುಳಿಯೊಂದಿದೆ. ಕ್ಯಾಸೆಟ್ಟಾಗಿ, ಸಿ.ಡಿ.ಯಾಗಿ, ಈಗ ಮೊಬೈಲಿನೊಳಗಿನ ಕಡತವಾಗಿ ಅದು ಕನ್ನಡ ಮನೆಗಳಲ್ಲಿ ಉಳಿದುಕೊಂಡು ಬಂದಿದೆ. ಖಯಾಲಿನ ಮಹಾಗಾಯಕರೊಬ್ಬರ ಬಿಡುವಿನ ಕೆಲಸವೆಂದು ಸಂಗೀತ ವಿಮರ್ಶಕರು ಅದರ ಮೇಲೆ ಒಂದು ಸಾಲು ಬರೆದು ಮುಂದೆ ಹೋಗುವುದೇ ಹೆಚ್ಚು. ಕೇಳುಗರಾದರೋ ಅವರ ದರಬಾರಿ, ಪೂರಿಯಾಗಳ ಹೆಸರು ಗೊತ್ತಿಲ್ಲದಿದ್ದರೂ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಅವರ ದನಿಯಲ್ಲೇ ಗುರುತಿಸುತ್ತಾರೆ. ಈ ಅಂತರ ಎಲ್ಲಿಂದ ಬಂತು? ಕೇಳುಗರು ಅಲ್ಲಿ ಕೇಳಿಸಿಕೊಂಡದ್ದು ಏನು? ನನ್ನ ಅನಿಸಿಕೆಯಲ್ಲಿ, ಆ ಸುರುಳಿಯಲ್ಲಿ ನಡೆದಿರುವುದು ಶಾಸ್ತ್ರೀಯ ಸಂಗೀತದ ಅಲಂಕಾರವನ್ನು ಭಕ್ತಿಗೀತೆಗೆ ತೊಡಿಸುವ ಕೆಲಸವಲ್ಲ. ಉತ್ತರ ಕರ್ನಾಟಕದ ಮನೆಯೊಳಗೆ, ಗುಡಿಯ ಜಗಲಿಯ ಮೇಲೆ ಬದುಕಿದ್ದ ಒಂದು ಹಾಡುಗಾರಿಕೆ ದೊಡ್ಡ ಕಂಠವೊಂದರ ಮೂಲಕ ಮತ್ತೆ ಬೀದಿಗೆ ಬಂದದ್ದು. ಅದನ್ನು ಕಾಣಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಹೆಸರಿನ ಮಾತು. ಸಾಸವಡದಿಂದ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ ಪುರಂದರಗಡವಿದೆ. 1657ರಲ್ಲಿ ಸಂಭಾಜಿ ಹುಟ್ಟಿದ್ದು, 1665ರಲ್ಲಿ ಮಿರ್ಜಾ ರಾಜಾ ಜಯಸಿಂಹನೊಡನೆ ಶಿವಾಜಿ ಒಪ್ಪಂದ ಮಾಡಿಕೊಂಡದ್ದು ಈ ಕೋಟೆಯಲ್ಲಿ. ಪುರಂದರದಾಸರು ಹುಟ್ಟಿದ್ದೂ ಈ ಪುರಂದರಗಡದಲ್ಲಿಯೇ ಎಂಬ ಮಾತು ದಾಸಸಾಹಿತ್ಯದ ಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತ ಬಂತು. ಪುಣೆಯ ಕನ್ನಡಿಗರಿಗೆ ಇದು ಪ್ರಿಯವಾದ ಮಾತು. ನವಕೋಟಿ ನಾರಾಯಣನೆಂದು ಹೆಸರಾದ ವ್ಯಾಪಾರಿ ನಮ್ಮ ನೆರೆಯವನು ಎಂದಂತಾಗುತ್ತದೆ. ಆದರೆ 2018ರಲ್ಲಿ ಈ ಪ್ರಶ್ನೆಯನ್ನೇ ಪರಿಶೀಲಿಸಲು ಕರ್ನಾಟಕದಲ್ಲಿ ರಚಿತವಾದ ವಿದ್ವಾಂಸರ ಸಮಿತಿ, ದಾಸರ ಜನ್ಮಸ್ಥಳ ಮಲೆನಾಡಿನ ತೀರ್ಥಹಳ್ಳಿ ಸೀಮೆಯ ಆರಗವಾಗಿರುವ ಸಾಧ್ಯತೆಯೇ ಹೆಚ್ಚು ಎಂಬ ಅಭಿಪ್ರಾಯಕ್ಕೆ ಬಂತು. ನನಗೂ ಆ ವಾದವೇ ಹೆಚ್ಚು ಒಪ್ಪಿಗೆ. ಪುರಂದರ ಎಂಬುದು ಇಂದ್ರನ ಹೆಸರು. ಕೋಟೆಗೆ ಆ ಹೆಸರು ಬರಲು ದಾಸರು ಬೇಕಿಲ್ಲ, ದಾಸರ ಅಂಕಿತಕ್ಕೆ ಕೋಟೆಯೂ ಬೇಕಿಲ್ಲ. ಆದರೂ ಐತಿಹ್ಯವೊಂದು ಸುಳ್ಳೆಂದು ಗೊತ್ತಾದ ಮೇಲೆಯೂ ಅದು ಹುಟ್ಟಿದ್ದೇಕೆ ಎಂದು ಕೇಳುವುದು ಉಳಿದೇ ಇರುತ್ತದೆ. ಹಂಪಿಯ ತುಂಗಭದ್ರೆಯ ದಂಡೆಯಲ್ಲಿ ಕೊನೆಯ ದಿನಗಳನ್ನು ಕಳೆದರೆನ್ನಲಾದ ದಾಸರನ್ನು ಸಹ್ಯಾದ್ರಿಯ ಕೋಟೆಯೊಂದಕ್ಕೆ ಜೋಡಿಸಲು ಯಾರಿಗೂ ಕಷ್ಟವಾಗಲಿಲ್ಲವೆಂದರೆ, ಆ ಎರಡು ಸ್ಥಳಗಳ ನಡುವೆ ಜನ ನಡೆದಾಡುತ್ತಿದ್ದ ದಾರಿಯೊಂದು ಇತ್ತೆಂದು ಅರ್ಥ.

ಆ ದಾರಿಯ ನಡುವೆ ಪಂಢರಪುರವಿದೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕನ್ನಡದವನೆಂದೂ ಕರ್ನಾಟಕದವನೆಂದೂ ಕರೆಯುತ್ತದೆ. ರಾ. ಚಿಂ. ಢೇರೆಯವರು ತಮ್ಮ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ ಈ ದೇವರ ಬೇರುಗಳನ್ನು ದಕ್ಷಿಣದ ಪಶುಪಾಲಕರ ಲೋಕದಲ್ಲಿ ಹುಡುಕಿದರು, ಮರಾಠಿ ವಿದ್ವಾಂಸರೊಬ್ಬರು ಅಷ್ಟು ಧೈರ್ಯದಿಂದ ಬರೆದದ್ದನ್ನು ನಾವು ಕನ್ನಡದವರು ಇನ್ನಷ್ಟು ಓದಬೇಕಿತ್ತು. ಕೃಷ್ಣದೇವರಾಯನು ವಿಠ್ಠಲನ ಮೂರ್ತಿಯನ್ನು ವಿಜಯನಗರಕ್ಕೆ ಒಯ್ದನೆಂದೂ ಏಕನಾಥರ ಪೂರ್ವಜ ಭಾನುದಾಸರು ಅದನ್ನು ಮರಳಿ ತಂದರೆಂದೂ ವಾರಕರಿ ಪರಂಪರೆ ಹೇಳುತ್ತದೆ. ಇನ್ನು ಸಾಸವಡದ ಮುಂದಿನ ಜೇಜೂರಿಯ ಖಂಡೋಬಾ ನಮ್ಮ ಮೈಲಾರನೇ ತಾನೆ? ದೇವರುಗಳು ಹೀಗೆ ಗಡಿಯ ಎರಡು ಕಡೆಗೂ ಮನೆ ಮಾಡಿಕೊಂಡಿರುವಾಗ ಹಾಡುಗಳು ಒಂದೇ ಕಡೆ ಕೂತಿರುವುದು ಹೇಗೆ?

ದಾಸರ ಪದಗಳ ಪಯಣ ಮಾತ್ರ ವಿಚಿತ್ರವಾಗಿ ಎರಡಾಗಿ ಸೀಳಿತು. ಪುರಂದರದಾಸರು ಯಾವ ಧಾಟಿಯಲ್ಲಿ ಹಾಡಿದರೋ ಆ ಧಾಟಿಗಳು ಇಂದು ಯಾರ ಬಳಿಯೂ ಇಲ್ಲ. ಓಲೆಗರಿ ಮತ್ತು ಕಾಗದದ ಪ್ರತಿಗಳಲ್ಲಿ ಉಳಿದದ್ದು ಸಾಹಿತ್ಯ, ಹೆಚ್ಚೆಂದರೆ ಅದರ ತಲೆಯ ಮೇಲೊಂದು ರಾಗದ ಹೆಸರು ಮತ್ತು ತಾಳದ ಹೆಸರು. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳ ಪಾಠಕ್ರಮ ಅವರದೆಂದು ನಂಬಿದ ದಕ್ಷಿಣದ ಸಂಗೀತಗಾರರು ಅವರನ್ನು ಕರ್ನಾಟಕ ಸಂಗೀತದ ಪಿತಾಮಹನ ಪೀಠದ ಮೇಲೆ ಕೂರಿಸಿದರು. ಅಲ್ಲಿ ಪದಗಳು ಕಛೇರಿಯ ಕೊನೆಯ ಭಾಗಕ್ಕೆ ಸೇರಿದವು. ಲಲಿತಾಂಗಿ, ಅವರ ಮಗಳು ಎಂ. ಎಲ್. ವಸಂತಕುಮಾರಿ ಅವುಗಳನ್ನು ಹುಡುಕಿ, ರಾಗ ಕೂಡಿಸಿ, ಮದರಾಸಿನ ಸಭೆಗಳ ತನಕ ಒಯ್ದರು. ದೊಡ್ಡ ಕೆಲಸ ಅದು. ಅದರ ಋಣ ನಮ್ಮೆಲ್ಲರ ಮೇಲಿದೆ.

ಇನ್ನೊಂದು ಸೀಳು ಉತ್ತರದ್ದು. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯ ಎರಡನೆಯ ಸಲ ಕೊನರಿದ್ದು ರಾಯಚೂರು ಸೀಮೆಯಲ್ಲಿ. ವಿಜಯದಾಸರು, ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಎಲ್ಲರೂ ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ, ಅದರ ಆಸುಪಾಸಿನ ಬಿಸಿಲುನಾಡಿನವರು. ಅಲ್ಲಿ ಈ ಪದಗಳಿಗೆ ಅರಮನೆ ಇರಲಿಲ್ಲ, ಸಭೆ ಇರಲಿಲ್ಲ, ಪಕ್ಕವಾದ್ಯ ಇರಲಿಲ್ಲ. ಏಕಾದಶಿಯ ಜಾಗರಣೆ, ಗುರುವಾರದ ಭಜನೆ, ಬೀಸುವ ಕಲ್ಲು, ತೊಟ್ಟಿಲು, ಶುಕ್ರವಾರದ ಆರತಿ, ಇವೇ ಅವುಗಳ ವೇದಿಕೆ. ಹತ್ತೊಂಬತ್ತನೆಯ ಶತಮಾನದ ನಡುವೆ ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಮುಂದೆ ಉಡುಪಿಯ ಪಾವಂಜೆ ಗುರುರಾಯರು, ಲಿಂಗಸೂಗೂರಿನ ಗೊರಬಾಳ ಹನುಮಂತರಾಯರು ಆ ಕೆಲಸವನ್ನು ಶ್ರದ್ಧೆಯಿಂದ ಬೆಳೆಸಿದರು. ಇವರೆಲ್ಲ ಉಳಿಸಿದ್ದು ಮಾತನ್ನು. ಧಾಟಿಯನ್ನು ಉಳಿಸಿದವರು ಹೆಂಗಸರು ಮತ್ತು ಭಜನೆಯ ಮೇಳದವರು. ಅವರ ಹೆಸರು ಯಾವ ಮುಖಪುಟದ ಮೇಲೂ ಇಲ್ಲ. ಒಂದೇ ಪದವನ್ನು ಹತ್ತು ಹಳ್ಳಿಗಳಲ್ಲಿ ಹತ್ತು ಬಗೆಯಾಗಿ ಹಾಡುತ್ತಿದ್ದರು, ಯಾವುದು ಸರಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಜಾನಪದ ಎಂಬ ಮಾತನ್ನು ನಾವು ಲಾವಣಿ, ಗೀಗೀಪದಗಳಿಗೆ ಮೀಸಲಿಟ್ಟಿದ್ದೇವೆ. ಬರೆದವನ ಹೆಸರು ಪದದ ಕೊನೆಯಲ್ಲಿ ಅಂಕಿತವಾಗಿ ನಿಂತಿರುವುದರಿಂದ ದಾಸರ ಪದ ಜಾನಪದವಲ್ಲ ಎನ್ನುತ್ತೇವೆ. ಮಾತಿನ ಮಟ್ಟಿಗೆ ನಿಜ. ಹಾಡಿನ ಮಟ್ಟಿಗೆ ಅದು ಜಾನಪದವಲ್ಲದೆ ಮತ್ತೇನು?

ಇಂಥ ಮನೆಯೊಂದರಲ್ಲಿ 1922ರ ಫೆಬ್ರುವರಿಯಲ್ಲಿ ಭೀಮಸೇನರು ಹುಟ್ಟಿದರು. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು, ಗ್ರಂಥಪ್ರಿಯರು. ಅಜ್ಜ ಭೀಮಾಚಾರ್ಯರು ಕೀರ್ತನ ಬಲ್ಲವರು. ತಾಯಿ ಗೋದಾವರಿಬಾಯಿಯವರ ಭಜನೆಗಳೇ ಮಗನ ಕಿವಿಯ ಮೊದಲ ಸಂಗೀತ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ ಹುಚ್ಚು ಹಿಡಿದ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟದ್ದು ಈಗ ದಂತಕಥೆಯಾಗಿದೆ. ರೈಲಿನಲ್ಲಿ ಹಾಡಿ, ಸಹಪ್ರಯಾಣಿಕರ ಕರುಣೆಯಿಂದ ಊರೂರು ದಾಟಿ, ಗ್ವಾಲಿಯರ್, ರಾಮಪುರ ಎಂದೆಲ್ಲ ಅಲೆದು ಜಾಲಂಧರ್ ತನಕ ಹೋದ ಅವರಿಗೆ ಅಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ್ದು, ಗುರು ಬೇಕಾದರೆ ನಿನ್ನ ಸೀಮೆಗೇ ಹಿಂದಿರುಗು ಎಂದು. ಗುರು ಇದ್ದದ್ದು ಗದಗಿನಿಂದ ಬಹು ದೂರವಲ್ಲದ ಕುಂದಗೋಳದಲ್ಲಿ. ಸವಾಯಿ ಗಂಧರ್ವರ ಮನೆಯಲ್ಲಿ 1936ರಿಂದ ಕೆಲವು ವರ್ಷ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರೂ ಅದೇ ಗುರುವಿನ ಶಿಷ್ಯೆ. ಹೋದ ದಾರಿಯೆಲ್ಲ ಸುತ್ತಿ ಮನೆಯ ಹಿತ್ತಲಿಗೇ ಬಂದು ತಲುಪಿದ ಕತೆ ಇದು.

ಅಲ್ಲಿಂದ ಮುಂದೆ ಮುಂಬಯಿ ರೇಡಿಯೋ, ಆಮೇಲೆ ಪುಣೆ. 1953ರಲ್ಲಿ, ಗುರು ತೀರಿಕೊಂಡ ಮರುವರ್ಷ, ಪುಣೆಯಲ್ಲಿ ಅವರ ಹೆಸರಿನ ಉತ್ಸವವನ್ನು ಆರಂಭಿಸಿದರು; ಅದು ಭಾರತದ ಬಹುದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. 2011ರ ಜನವರಿಯಲ್ಲಿ ಪುಣೆಯಲ್ಲೇ ತೀರಿಕೊಂಡರು. ಅಂದರೆ ಬದುಕಿನ ಬಹುಪಾಲನ್ನು ಅವರು ನಮ್ಮ ಹಾಗೆಯೇ ಹೊರನಾಡಿನಲ್ಲಿ ಕಳೆದರು. ನಮ್ಮ ಹಾಗೆ ಎನ್ನುವುದು ಸಲಿಗೆಯ ಮಾತಾಯಿತೇನೋ. ನಾನು ವರ್ಗಾವಣೆಯ ಆದೇಶ ಹಿಡಿದು ಬಂದವನು, ಅವರು ಕಂಠ ಹಿಡಿದು ಬಂದವರು.

ಪುಣೆಯಲ್ಲಿ ಕನ್ನಡದ ಧಾಟಿಗಳು ಹೊಸವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆ ಕರ್ನಾಟಕದಿಂದ ಬಂದಿದ್ದ ಭಾಗವತರ ಮೇಳ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ಅವರ ‘ಶಾಕುಂತಲ’ ರಂಗವೇರಿದಾಗ ಅದರಲ್ಲಿ ಕರ್ನಾಟಕಿ ಚಾಲುಗಳಿದ್ದವು. ಸವಾಯಿ ಗಂಧರ್ವ ಎಂಬ ಬಿರುದೇ ರಾಮಭಾವು ಕುಂದಗೋಳಕರರಿಗೆ ಮರಾಠಿ ರಂಗಭೂಮಿ ಕೊಟ್ಟ ಕಾಣಿಕೆ. ಹೀಗಾಗಿ 1950ರ ದಶಕದಲ್ಲಿ ಪು. ಲ. ದೇಶಪಾಂಡೆಯವರ ‘ಗುಳಾಚಾ ಗಣಪತಿ’ ಚಿತ್ರಕ್ಕೆ ಭೀಮಸೇನರು ಇಂದ್ರಾಯಣಿಯ ತೀರದ ಹಾಡನ್ನು ಹಾಡಿದಾಗಲಾಗಲಿ, 1970ರ ದಶಕದಲ್ಲಿ ರಾಮ ಫಾಟಕ್, ಶ್ರೀನಿವಾಸ ಖಳೆ ಅವರ ಸಂಯೋಜನೆಗಳೊಂದಿಗೆ ‘ಸಂತವಾಣಿ’ಯ ಕಾರ್ಯಕ್ರಮಗಳು ಜನಸಾಗರವನ್ನು ಸೆಳೆದಾಗಲಾಗಲಿ, ಮರಾಠಿ ಕೇಳುಗನಿಗೆ ಅದು ಪರಕೀಯವೆನಿಸಲಿಲ್ಲ. ಆ ಕಂಠದ ಅಡಿಯಲ್ಲಿ ಗದಗಿನ ಭಜನೆ ಇತ್ತೆಂಬುದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ.

ಕನ್ನಡಿಗರಿಗೆ ಈ ಕಂಠ ಸಿನಿಮಾದ ಮೂಲಕವೂ ಬಂತು. ಅ. ನ. ಕೃಷ್ಣರಾಯರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ 1966ರಲ್ಲಿ ತೆರೆಗೆ ಬಂದಾಗ ಸಂಗೀತಗಾರನ ಪಾತ್ರದ ರಾಜಕುಮಾರರಿಗೆ ದನಿಯಾದವರಲ್ಲಿ ಭೀಮಸೇನರು ಒಬ್ಬರು. ಅದು ಮೆಚ್ಚುಗೆಯ ಸಂಗತಿ, ಆದರೆ ಅಲ್ಲಿ ಅವರು ಕಲಾವಿದ. ‘ದಾಸವಾಣಿ’ಯಲ್ಲಿ ಅವರ ಪಾತ್ರ ಬೇರೆ.

ಆ ಸುರುಳಿಯನ್ನು ಕಿವಿಗೊಟ್ಟು ಕೇಳಿದವರಿಗೆ ಮೊದಲು ತಿಳಿಯುವುದು ಅದರ ಸಂಯಮ. ತಾರಸಪ್ತಕದಲ್ಲಿ ಮಿಂಚಿನ ತಾನುಗಳನ್ನು ಎಸೆಯಬಲ್ಲ ಮನುಷ್ಯ ಇಲ್ಲಿ ಅವುಗಳನ್ನು ಬಹುಪಾಲು ತಡೆದು ಹಿಡಿದಿದ್ದಾರೆ. ಎರಡು ಉಸಿರಿನಷ್ಟು ಆಲಾಪ, ಕೂಡಲೇ ಪಲ್ಲವಿ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಭಜನೆಯ ಮೇಳದಲ್ಲಿ ಮುಂದಾಳು ಹೇಳಿಕೊಟ್ಟು ಹಿಂದಿನವರಿಗೆ ಎತ್ತಿಕೊಳ್ಳಲು ಜಾಗ ಬಿಡುವಂತೆ. ಚರಣ ಮುಗಿದು ಪಲ್ಲವಿಗೆ ಮರಳುವ ಹೊತ್ತಿನಲ್ಲಿ ಒಂದು ಸಣ್ಣ ತಿರುವು, ಎಲ್ಲ ಕುಶಲತೆಯೂ ಆ ತಿರುವಿನಲ್ಲಿ. ಕೇಳುಗ ಕೈ ತಟ್ಟಬಹುದು, ಜೊತೆಗೆ ಹಾಡಬಹುದು; ಅವನನ್ನು ದೂರ ಕೂರಿಸುವ ಯಾವ ಹಮ್ಮೂ ಅಲ್ಲಿಲ್ಲ. ಮಾತು ಸ್ಪಷ್ಟವಾಗಿದೆ, ಅದೂ ಪಂಡಿತರ ಸ್ಪಷ್ಟತೆಯಲ್ಲ. ಳಕಾರದ ಗಟ್ಟಿತನ, ಒತ್ತಕ್ಷರಗಳ ಮೇಲಿನ ಭಾರ, ಸಂಬೋಧನೆಯ ಕೊನೆಯ ಸ್ವರವನ್ನು ಎಳೆದು ನಿಲ್ಲಿಸುವ ರೀತಿ, ಇದೆಲ್ಲ ಗದಗು, ರೋಣ, ಮುಂಡರಗಿಯ ಮನೆಗಳಲ್ಲಿ ಹಿರಿಯರು ಕರೆಯುವ ರೀತಿ. ನನ್ನ ಕಿವಿಗೆ ಆ ಸುರುಳಿಯ ಜೀವ ಇರುವುದು ಈ ಕರೆಯುವ ದನಿಯಲ್ಲಿ. ಆಯ್ದ ಪದಗಳಲ್ಲಿ ಎಷ್ಟೋ ‘ಬಾ’ ಎಂದು ಕರೆಯುವ ಪದಗಳು, ‘ಕಾಯೋ’, ‘ಕರುಣಿಸೋ’ ಎಂದು ಏಕವಚನದಲ್ಲಿ ದೇವರ ಮೇಲೆ ಹಕ್ಕು ಚಲಾಯಿಸುವ ಪದಗಳು.

ಲಕ್ಷ್ಮಿಯನ್ನು ಕರೆಯುವ ಆ ಪ್ರಸಿದ್ಧ ಪದವನ್ನೇ ನೋಡಿ. ಅದು ಹೆಂಗಸರ ಹಾಡು. ಶುಕ್ರವಾರದ ಪೂಜೆಯ ಹೊತ್ತು, ಹೊಸ್ತಿಲು, ಗೆಜ್ಜೆಯ ಸದ್ದು, ಮೊಸರು ಕಡೆಯುವ ಕೆಲಸ, ಎಲ್ಲವೂ ಅಡುಗೆಮನೆ ಮತ್ತು ಪಡಸಾಲೆಯ ನಡುವಿನ ಲೋಕ. ಅದನ್ನು ದಕ್ಷಿಣದ ಕಛೇರಿಗಳಲ್ಲಿ ಮಧ್ಯಮಾವತಿಯಲ್ಲಿ ಮಂಗಳಕರವಾಗಿ ಹಾಡುತ್ತಾರೆ. ಭೀಮಸೇನರ ದನಿಯಲ್ಲಿ ಅದೇ ಪದ ಗಂಡಸಿನ, ಅದೂ ಮಲ್ಲನ ಮೈಕಟ್ಟಿನ ಗಂಡಸಿನ, ಬಾಯಲ್ಲಿ ಬರುತ್ತದೆ. ಬೇರೆ ಯಾರಾದರೂ ಅದನ್ನು ಗರ್ಜನೆ ಮಾಡಿಬಿಡುತ್ತಿದ್ದರು. ಇವರು ದನಿಯನ್ನು ಕುಗ್ಗಿಸಲಿಲ್ಲ, ಕಣ್ಣು ಮುಚ್ಚಿ ತಾಯಿಯ ಹಾಡನ್ನು ನೆನೆದು ಹಾಡುವ ಮಗನ ಹಾಗೆ ಅದರ ಒಳಗೆ ಹೋದರು. ಹಾಡಿನ ಹೆಂಗಸು ಹಾಗೆಯೇ ಉಳಿದಳು, ದನಿ ಮಾತ್ರ ಗಂಡಸಿನದಾಯಿತು. ಗದಗಿನ ಆ ಮನೆಯಲ್ಲಿ ಮಗ ಏನನ್ನು ಕೇಳಿದ್ದಿರಬಹುದು ಎಂದು ಊಹಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದವನ ಚಾಳಿಯೆಂದು ಕ್ಷಮಿಸಿದರೆ ಇಲ್ಲೊಂದು ದೂರದ ಹೋಲಿಕೆ ಹೇಳುತ್ತೇನೆ. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಜಾನಿ ಕ್ಯಾಶ್ ಎಂಬ ಗಾಯಕನಿದ್ದ. ಅರ್ಕನ್ಸಾದ ಹತ್ತಿಯ ಹೊಲಗಳಲ್ಲಿ ಬೆಳೆದವನು, ಜಗತ್ತೆಲ್ಲ ಹೆಸರಾದವನು. ಮುಪ್ಪಿನಲ್ಲಿ ಅವನು ಒಂದು ಗಿಟಾರನ್ನು ಮಾತ್ರ ಹಿಡಿದು, ತನ್ನ ತಾಯಿಯ ಹಳೆಯ ಸ್ತೋತ್ರಪುಸ್ತಕದ ಹಾಡುಗಳನ್ನು ಹಾಡಿಟ್ಟ. 2003ರಲ್ಲಿ ಅವನು ತೀರಿಕೊಂಡ ಮೇಲೆ ಅದು ‘ಮೈ ಮದರ್ಸ್ ಹಿಮ್ ಬುಕ್’ ಎಂಬ ಹೆಸರಿನಿಂದ ಹೊರಬಂತು. ತಾನು ಮಾಡಿದ ಎಲ್ಲ ಸುರುಳಿಗಳಲ್ಲಿ ಅದೇ ತನಗೆ ಪ್ರಿಯವೆಂದು ಅವನು ಹೇಳಿಕೊಂಡಿದ್ದ. ಅದನ್ನು ಕೇಳಿದಾಗ ನನಗೆ ‘ದಾಸವಾಣಿ’ ನೆನಪಾಯಿತು. ನುರಿತ ಗಾಯಕನೊಬ್ಬ ಕಲಿತದ್ದನ್ನೆಲ್ಲ ಬದಿಗಿಟ್ಟು ಕಲಿಯುವ ಮುಂಚೆ ಕೇಳಿದ್ದನ್ನು ಹಾಡಿದರೆ ಕೇಳುಗರಿಗೆ ಅದು ತಿಳಿದುಬಿಡುತ್ತದೆ. ಅದನ್ನು ತಿಳಿಯಲು ರಾಗದ ಹೆಸರು ಬೇಕಿಲ್ಲ. ಇಬ್ಬರ ನಡುವೆ ಒಂದು ವ್ಯತ್ಯಾಸವೂ ಉಂಟು: ಕ್ಯಾಶನ ಕೈಯಲ್ಲಿ ತಾಯಿಯ ಪುಸ್ತಕವಿತ್ತು. ಉತ್ತರ ಕರ್ನಾಟಕದ ತಾಯಂದಿರಿಗೆ ಪುಸ್ತಕವಿರಲಿಲ್ಲ, ಬಾಯಿಪಾಠವಿತ್ತು.

ನಮ್ಮಲ್ಲೇ ಮತ್ತೊಂದು ಹೋಲಿಕೆಯಿದೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದ ಕಾರಣ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಲಾಗದೆ ಮಲಗಿದ್ದ ವರ್ಷಗಳಲ್ಲಿ ಕಿಟಕಿಯಾಚೆಯಿಂದ ಬರುತ್ತಿದ್ದ ಮಾಳವಿ ಜನಪದ ಹಾಡುಗಳನ್ನು ಕೇಳಿ, ಅವುಗಳಿಂದ ತಮ್ಮ ಸಂಗೀತವನ್ನೇ ಹೊಸದಾಗಿ ಕಟ್ಟಿದರು. ಕಬೀರನನ್ನು ಅವರು ಹಾಡಿದ ರೀತಿಗೆ ಸಾಟಿಯಿಲ್ಲ. ಅವರು ಹೋದ ನೆಲದ ಹಾಡನ್ನು ತಮ್ಮದಾಗಿಸಿಕೊಂಡರು. ಭೀಮಸೇನರು ಹೋದ ನೆಲದ ಅಭಂಗವನ್ನೂ ಹಾಡಿ, ಬಿಟ್ಟು ಬಂದ ನೆಲದ ಪದವನ್ನೂ ಇಟ್ಟುಕೊಂಡರು. ಯಾವುದು ಹೆಚ್ಚಿನದು ಎಂಬ ತರ್ಕ ನನಗೆ ಬೇಡ. ಹೊರನಾಡಿನಲ್ಲಿ ಬದುಕುವವರ ಎದುರು ಈ ಎರಡು ದಾರಿಗಳೂ ಇವೆ ಎಂದಷ್ಟೇ ಹೇಳಬಹುದು.

‘ದಾಸವಾಣಿ’ಗೆ ಆಕ್ಷೇಪಗಳಿಲ್ಲವೆಂದಲ್ಲ. ಮೈಸೂರು ಕಡೆಯ ಸ್ನೇಹಿತರಲ್ಲಿ ಕೆಲವರು, ಕರ್ನಾಟಕ ಸಂಗೀತದ ಆದಿಗುರುವಿನ ಪದಗಳನ್ನು ಹಿಂದುಸ್ತಾನಿಗೆ ಹೊರಳಿಸಿದ್ದು ಸರಿಯಲ್ಲ ಎನ್ನುತ್ತಾರೆ. ಮೂಲ ಧಾಟಿಯೇ ಕಳೆದುಹೋದ ಮೇಲೆ ಯಾವುದರಿಂದ ಯಾವುದಕ್ಕೆ ಹೊರಳಿಸಿದ್ದು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಮದರಾಸಿನಲ್ಲಿ ಕೂಡಿಸಿದ ರಾಗ ಹದಿನಾರನೆಯ ಶತಮಾನದ್ದಾದರೆ ಗದಗಿನಲ್ಲಿ ಕೂಡಿಸಿದ್ದೂ ಹದಿನಾರನೆಯ ಶತಮಾನದ್ದೇ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ದಾಸರ ಪದಗಳಲ್ಲಿ ಚಾಟಿಯೇಟುಗಳಿವೆ, ಡಂಭಾಚಾರದ ನಗೆಪಾಟಲಿದೆ, ಕುಲದ ಹೆಮ್ಮೆಯನ್ನು ಕೆಣಕುವ ಕನಕದಾಸರ ಪ್ರಶ್ನೆಗಳಿವೆ. ಮಧುರವಾದ ಪದಗಳನ್ನೇ ಆಯ್ದು ಹಾಡುವ ಸುರುಳಿಗಳು ದಾಸರನ್ನು ಪೂಜಾಕೋಣೆಯಲ್ಲಿ ಕಟ್ಟಿಹಾಕುತ್ತವೆ ಎಂಬುದು ಆ ಆಕ್ಷೇಪ. ಇದನ್ನು ತಳ್ಳಿಹಾಕಲಾರೆ. ಭೀಮಸೇನರ ಸುರುಳಿಯನ್ನು ಕೇಳಿ ಬೆಳೆದವನಿಗೆ ದಾಸರೆಂದರೆ ಶರಣಾಗತಿ ಮಾತ್ರ ಎನಿಸುವ ಅಪಾಯವಿದೆ. ಮರಾಠಿಯವರಿಗೂ ಇದೇ ಕಷ್ಟ: ಸುರುಳಿಗಳ ತುಕಾರಾಮ ಗಾಥೆಯ ತುಕಾರಾಮನಿಗಿಂತ ಎಷ್ಟೋ ಸೌಮ್ಯ.

ಹಾಗಿದ್ದೂ ಹೊರನಾಡಿನ ಕನ್ನಡ ಮನೆಗಳಲ್ಲಿ ಆ ಸುರುಳಿ ಮಾಡಿದ ಕೆಲಸವನ್ನು ಪುಸ್ತಕಗಳು ಮಾಡಲಿಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾದಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಟ್ರಂಕುಗಳಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆ ನಾಲ್ಕಾರು ಕ್ಯಾಸೆಟ್ಟುಗಳೂ ಬರತೊಡಗಿದವು. ಸಿ. ಅಶ್ವಥ್ ಅವರ ಶರೀಫರ ಹಾಡುಗಳು, ವಿದ್ಯಾಭೂಷಣರ ದಾಸರ ಪದಗಳು, ಭಾವಗೀತೆಗಳು, ‘ದಾಸವಾಣಿ’. ಭಾಷೆಯನ್ನು ಓದಲು ಬಾರದ ಮಕ್ಕಳ ಬಾಯಿಗೆ ಅವುಗಳ ಮೂಲಕ ಕನ್ನಡ ಹತ್ತಿತು. ಪುಣೆಯ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರು ಮರಾಠಿ ಶಾಲೆಯ ಸಾಲಿನಲ್ಲಿ ಕೂತು ಜ್ಞಾನೇಶ್ವರರ ಪಸಾಯದಾನವನ್ನು ತಡವರಿಸದೆ ಹೇಳುತ್ತಾರೆ, ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ, ದಾಸರ ಪದವನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅರ್ಥ ಕೇಳಿದರೆ ಅರ್ಧ ಗೊತ್ತು. ಇದನ್ನು ಉಳಿವು ಎನ್ನಬೇಕೋ ಅಳಿವಿನ ನಿಧಾನಗತಿ ಎನ್ನಬೇಕೋ ನಮ್ಮ ಕೂಟದಲ್ಲಿ ಹಲವು ಸಲ ವಾದವಾಗಿದೆ. ಅರ್ಥವಿಲ್ಲದ ಹಾಡು ಗಿಳಿಪಾಠ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಗದಗಿನ ಹುಡುಗನಿಗೂ ಕರೀಂ ಖಾನರ ಆ ಠುಮರಿಯ ಬ್ರಜಭಾಷೆ ಎಷ್ಟು ತಿಳಿದಿದ್ದೀತು? ದನಿಯೊಂದು ಮೊದಲು ಕಿವಿಯನ್ನು ಹಿಡಿಯಬೇಕು. ಹಿಡಿದ ಮೇಲೆ ಹುಡುಗ ಟಿಕೆಟ್ಟಿಲ್ಲದೆ ರೈಲು ಹತ್ತುತ್ತಾನೋ, ಕನ್ನಡ ಅಕ್ಷರಮಾಲೆ ತೆಗೆಯುತ್ತಾನೋ, ಸುಮ್ಮನೆ ಮರೆತುಬಿಡುತ್ತಾನೋ, ಅದು ನಮ್ಮ ಕೈಯಲ್ಲಿಲ್ಲ. ಕಿವಿಗೆ ಬೀಳುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ, ಅದನ್ನಾದರೂ ನಾವು ಮಾಡುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಮನೆಗೊಂದೇ ಯಂತ್ರವಿತ್ತು, ತಾಯಿ ಹಾಕಿದ್ದನ್ನು ಎಲ್ಲರೂ ಕೇಳಬೇಕಿತ್ತು. ಈಗ ಪ್ರತಿಯೊಬ್ಬರ ಕಿವಿಯಲ್ಲೂ ಬೇರೆ ಬೇರೆ ಬತ್ತಿ.

ಸಾಸವಡದ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕಿದೆ. ಭಾದ್ರಪದದಲ್ಲಿ ಇಲ್ಲಿಯ ಮನೆಗಳಿಗೆ ಜ್ಯೇಷ್ಠಾ ಗೌರಿ ಬರುತ್ತಾಳೆ. ಕೆಲವು ಕಡೆ ಅವಳನ್ನೇ ಮಹಾಲಕ್ಷ್ಮಿ ಎಂದೂ ಕರೆಯುತ್ತಾರೆ. ಅಂದು ಬಾಗಿಲಿನಿಂದ ಒಳಮನೆಯವರೆಗೆ ರಂಗೋಲಿಯಲ್ಲಿ, ಕುಂಕುಮದಲ್ಲಿ ಪುಟ್ಟ ಪಾದಗಳನ್ನು ಬರೆಯುವುದು ಪದ್ಧತ. ಒಂದು ಪಾದದ ಮುಂದೆ ಇನ್ನೊಂದು, ಅಡುಗೆಮನೆ, ಕಣಜ, ಪೆಟ್ಟಿಗೆ ಎಲ್ಲವನ್ನೂ ತೋರಿಸುತ್ತ ದೇವಿಯನ್ನು ಒಳಗೆ ಕರೆದೊಯ್ಯುವಂತೆ. ಅಂಥದೊಂದು ದಿನ ನೆರೆಯ ಮನೆಯ ಹಿರಿಯ ಮರಾಠಿ ಹೆಂಗಸೊಬ್ಬರು ನಮ್ಮ ಮನೆಯಲ್ಲಿ ಹಾಕಿದ್ದ ‘ದಾಸವಾಣಿ’ಯನ್ನು ಕೇಳಿ, ಅಣ್ಣಾ ಇಲ್ಲಿ ಏನು ಹೇಳುತ್ತಿದ್ದಾರೆ ಎಂದು ವಿಚಾರಿಸಿದರು. ಪುಣೆಯವರಿಗೆ ಭೀಮಸೇನರು ಅಣ್ಣಾ. ಹಾಡಿನ ತಾತ್ಪರ್ಯವನ್ನು ನನ್ನ ಹರಕು ಮರಾಠಿಯಲ್ಲಿ ಹೇಳತೊಡಗಿದೆ: ಲಕ್ಷ್ಮಿ ಬರುತ್ತಿದ್ದಾಳೆ, ಕಾಲಲ್ಲಿ ಗೆಜ್ಜೆ ಇದೆ, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಡುತ್ತ... ಅಷ್ಟು ಹೇಳುವಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ತಡೆದು, ತಮ್ಮ ಮನೆಯ ಹೊಸ್ತಿಲಿನ ಕಡೆಗೆ ಬೆರಳು ತೋರಿಸಿದರು. ಅಲ್ಲಿ ಬಿಳಿಯ ಪಾದಗಳು ಇನ್ನೂ ಒಣಗುತ್ತಿದ್ದವು.